ಹೌಸ್‌ಫುಲ್ ಆಗಿದ್ದೂ ಬಾಗಿಲು ಹಾಕಿದ ಆಟ

ಪ್ರಶ್ನೆ: ನಾವು ಹುಬ್ಬಳ್ಳಿ ಕಡೆಯವರು. ಕೆಲಸದ ಮೇಲೆ ಮೂರು ವರ್ಷದಿಂದ ಅಮೆರಿಕದ ಮಿಲ್ವಾಕಿಯಲ್ಲಿ ಇದ್ದೇವೆ. ಮೊನ್ನೆ ಮಗನನ್ನು ಕರೆದುಕೊಂಡು ಇಲ್ಲಿನ ಮಿಲ್ವಾಕಿ ವೇವ್ ತಂಡದ ಇಂಡೋರ್ ಸಾಕರ್ ಪಂದ್ಯಕ್ಕೆ ಹೋಗಿದ್ದೆ. ಸುತ್ತ ಗೋಡೆ, ಚೆಂಡು ಗೋಡೆಗೆ ಬಡಿದು ವಾಪಸ್ ಬರುತ್ತೆ, ಉಸಿರಾಡಲೂ ಬಿಡುವಿಲ್ಲ. ಮಗನಿಗೆ ಹುಚ್ಚೇ ಹಿಡಿಯಿತು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು 'ಎಂಬತ್ತರ ದಶಕದಲ್ಲಿ ಈ ಆಟಕ್ಕೆ ಐಸ್ ಹಾಕಿಗಿಂತ ಜಾಸ್ತಿ ಜನ ಬರುತ್ತಿದ್ದರು' ಅಂದರು. ನಿಜವಾ? ಹಾಗಿದ್ದರೆ ಆ ತಂಡಗಳೆಲ್ಲ ಎಲ್ಲಿ ಹೋದವು? ನಮ್ಮ ಬೆಂಗಳೂರಲ್ಲಿ ಈಗ ಗಲ್ಲಿಗೊಂದು ಟರ್ಫ್ ಇದೆ. ಅಲ್ಲಿ ಇಂಥ ಲೀಗ್ ಮಾಡಿದರೆ ನಡೆಯುತ್ತಾ?

ಉತ್ತರ: ಆ ಹಿರಿಯರು ಯಾವ ಊರಿನವರು ಅಂತ ಕೇಳಿದ್ದರೆ ಚೆನ್ನಾಗಿತ್ತು. ಸೇಂಟ್ ಲೂಯಿಸ್‌ನವರಾಗಿದ್ದರೆ ಅವರ ಮಾತಿನಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ. 1981-82ರ ಸೀಸನ್‌ನಲ್ಲಿ ಅಲ್ಲಿನ ಸೇಂಟ್ ಲೂಯಿಸ್ ಸ್ಟೀಮರ್ಸ್ ಎಂಬ ಇಂಡೋರ್ ತಂಡದ ಪಂದ್ಯಕ್ಕೆ ಸರಾಸರಿ 17,000ಕ್ಕೂ ಜಾಸ್ತಿ ಜನ ಬರುತ್ತಿದ್ದರು. ಫೈನಲ್‌ನ ಲೆಕ್ಕ ಅಲ್ಲ ಇದು, ಸರಾಸರಿ. ವಾರದ ನಡುವಿನ ಚಳಿ ರಾತ್ರಿಗಳೂ ಇದರಲ್ಲಿ ಸೇರಿವೆ. ಅದೇ ಕಟ್ಟಡದಲ್ಲಿ ಆಡುತ್ತಿದ್ದ ಬ್ಲೂಸ್ ಎಂಬ ಐಸ್ ಹಾಕಿ ತಂಡದವರು ಈ ಜನಸಾಗರ ನೋಡಿ ಹೊಟ್ಟೆ ಉರಿದುಕೊಂಡಿದ್ದರೆ ಆಶ್ಚರ್ಯವಿಲ್ಲ.

ಆರು ವರ್ಷ ಕಳೆಯುವಷ್ಟರಲ್ಲಿ, 1988ರಲ್ಲಿ, ಆ ಸ್ಟೀಮರ್ಸ್ ತಂಡವೇ ಇರಲಿಲ್ಲ.

ಒಗಟು ಇರುವುದು ಇಲ್ಲೇ. ಜನ ಬಾರದೆ ಸೋತ ಆಟಕ್ಕೆ ಕಾರಣ ಹುಡುಕುವುದು ಸುಲಭ. ಇದು ಜನ ಬಂದೂ ಸೋತ ಆಟ. ನಾನು ಆಟಗಳನ್ನು ಮೈದಾನದ ಕಡೆಯಿಂದ ನೋಡುವುದಕ್ಕಿಂತ ಲೆಕ್ಕದ ಪುಸ್ತಕದ ಕಡೆಯಿಂದ ನೋಡುವವನು. ಹಾಗಾಗಿ ನನ್ನ ಉತ್ತರದಲ್ಲಿ ಗೋಲಿನಷ್ಟೇ ಬಾಡಿಗೆಯ ಮಾತೂ ಬರುತ್ತೆ. ಸಹಿಸಿಕೊಳ್ಳಿ.

ಶುರುವಾದದ್ದು ಹೇಗೆ ಅನ್ನುವುದೇ ಒಂದು ಮಜವಾದ ಕತೆ. 1974ರ ಫೆಬ್ರವರಿ. ರಷ್ಯಾದ ಸೇನೆಯ ಫುಟ್‌ಬಾಲ್ ತಂಡ ಅಮೆರಿಕ ಪ್ರವಾಸಕ್ಕೆ ಬಂದಿತ್ತು. ಫಿಲಡೆಲ್ಫಿಯಾದ ಸ್ಪೆಕ್ಟ್ರಮ್ ಎಂಬ ಐಸ್ ಹಾಕಿ ಅರೀನಾದಲ್ಲಿ ಅವರಿಗೂ ಫಿಲಡೆಲ್ಫಿಯಾ ಆಟಮ್ಸ್ ತಂಡಕ್ಕೂ ಒಂದು ಪ್ರದರ್ಶನ ಪಂದ್ಯ ಇಟ್ಟರು. ಚಳಿಗಾಲವಾದ್ದರಿಂದ ಚಾವಣಿಯ ಕೆಳಗೆ. ಶೀತಲ ಸಮರದ ಕಾಲ, 'ರೆಡ್ ಆರ್ಮಿ' ಅಂತ ಹೆಸರು. 11,790 ಜನ ಟಿಕೆಟ್ ಕೊಂಡು ಬಂದರು. ರಷ್ಯನ್ನರು 6-3ರಿಂದ ಗೆದ್ದರು. ಸೋತದ್ದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಒಂದೇ ರಾತ್ರಿ ಒಂಬತ್ತು ಗೋಲು ನೋಡಿದ್ದು ಮಾತ್ರ ಎಲ್ಲರಿಗೂ ನೆನಪಿನಲ್ಲಿ ಉಳಿಯಿತು.

ಅವತ್ತು ಆ ಪಂದ್ಯ ನೋಡಿದವರಲ್ಲಿ ಎಡ್ ಟೆಪ್ಪರ್ ಒಬ್ಬರು. ಫಿಲಡೆಲ್ಫಿಯಾದಲ್ಲಿ ಒಂದು ಲ್ಯಾಕ್ರಾಸ್ (ಬಲೆ ಕಟ್ಟಿದ ಕೋಲಿನಿಂದ ಚೆಂಡು ಎಸೆದು ಆಡುವ ಆಟ) ತಂಡ ನಡೆಸುತ್ತಿದ್ದ ವ್ಯಕ್ತಿ. ನಾಲ್ಕು ವರ್ಷದ ನಂತರ ಅವರೂ ಅರ್ಲ್ ಫೋರ್‌ಮನ್ ಎಂಬ ವಕೀಲರೂ ಸೇರಿ ಮೇಜರ್ ಇಂಡೋರ್ ಸಾಕರ್ ಲೀಗ್ ಕಟ್ಟಿದರು. ಚಿಕ್ಕದಾಗಿ ಎಂಐಎಸ್‌ಎಲ್. 1978ರ ಡಿಸೆಂಬರ್ 22ರಂದು ನ್ಯೂಯಾರ್ಕ್ ಬಳಿಯ ನಸಾವ್ ಕೊಲಿಸಿಯಮ್‌ನಲ್ಲಿ ಮೊದಲ ಪಂದ್ಯ. ನ್ಯೂಯಾರ್ಕ್ ಆ್ಯರೋಸ್ ಮತ್ತು ಸಿನ್ಸಿನಾಟಿ ಕಿಡ್ಸ್. ಚೆಂಡಿಗೆ ಮೊದಲ ಒದೆ ಕೊಟ್ಟದ್ದು ಬೇಸ್‌ಬಾಲ್ ಸ್ಟಾರ್ ಪೀಟ್ ರೋಸ್. ಅವರಿಗೆ ಕಿಡ್ಸ್ ತಂಡದಲ್ಲಿ ಪಾಲು ಇತ್ತು. ಆರು ತಂಡ, ತಂಡಕ್ಕೆ 24 ಪಂದ್ಯ. ಸಣ್ಣ ಸಂಸಾರ.

ಆಟದ ನಿಯಮಗಳನ್ನು ನೀವು ನೋಡಿಯೇ ಬಂದಿದ್ದೀರಿ. ಆದರೂ ಒಂದು ಮಾತು ಹೇಳಬೇಕು. ಇದು ಫುಟ್ಸಾಲ್ ಅಲ್ಲ. ಫುಟ್ಸಾಲ್ ಹುಟ್ಟಿದ್ದು 1930ರಲ್ಲಿ ಉರುಗ್ವೆಯ ಮಾಂಟೆವಿಡಿಯೊದಲ್ಲಿ. ಅದಕ್ಕೆ ಗೋಡೆ ಇಲ್ಲ, ಚೆಂಡು ಜಾಸ್ತಿ ಪುಟಿಯುವುದಿಲ್ಲ, ಫಿಫಾದ ಮುದ್ರೆ ಇದೆ. ಅಮೆರಿಕದ ಇಂಡೋರ್ ಸಾಕರ್ ಹುಟ್ಟಿದ್ದು ಹಾಕಿ ಅಂಕಣದಲ್ಲಿ. ಸುಮಾರು 200 ಅಡಿ ಉದ್ದ, 85 ಅಡಿ ಅಗಲ. ಮಂಜುಗಡ್ಡೆಯ ಮೇಲೆ ಕೃತಕ ಹುಲ್ಲಿನ ಚಾಪೆ ಹಾಸಿ, ಸುತ್ತಲಿನ ಬೋರ್ಡು ಮತ್ತು ಗಾಜು ಇದ್ದ ಹಾಗೇ ಬಿಟ್ಟು, ಹಾಕಿಯ ನಿಯಮಗಳನ್ನೂ ಅರ್ಧದಷ್ಟು ಎತ್ತಿಕೊಂಡರು. ಗೋಲ್‌ಕೀಪರ್ ಸೇರಿ ಆರು ಜನ. 15 ನಿಮಿಷದ ನಾಲ್ಕು ಭಾಗ. ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಾಯಿಸಬಹುದು. ತಪ್ಪು ಮಾಡಿದವನು ಎರಡು ನಿಮಿಷ ಅಂಕಣದ ಹೊರಗಿನ ಪೆನಾಲ್ಟಿ ಬಾಕ್ಸ್‌ನಲ್ಲಿ ಕೂರಬೇಕು, ಅಷ್ಟು ಹೊತ್ತು ತಂಡಕ್ಕೆ ಒಬ್ಬ ಕಡಿಮೆ. ಫುಟ್‌ಬಾಲ್ ಅಂದರೆ 'ತೊಂಬತ್ತು ನಿಮಿಷ ಓಡಿ 0-0 ಮಾಡುವ ಆಟ' ಅಂತ ಮೂಗು ಮುರಿಯುತ್ತಿದ್ದ ಅಮೆರಿಕನ್ನರಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿ ಇದು.

ಆಡುವವರು ಎಲ್ಲಿಂದ ಬಂದರು? ಅದಕ್ಕೆ ಹೊರಗಿನ ಫುಟ್‌ಬಾಲಿನ ಸ್ಥಿತಿ ಗೊತ್ತಿರಬೇಕು. ಅಮೆರಿಕದಲ್ಲಿ 1968ರಿಂದ ನಾರ್ತ್ ಅಮೆರಿಕನ್ ಸಾಕರ್ ಲೀಗ್ ಇತ್ತು. 1975ರಲ್ಲಿ ಪೆಲೆಯನ್ನೇ ನ್ಯೂಯಾರ್ಕ್ ಕಾಸ್ಮೋಸ್‌ಗೆ ಕರೆತಂದ ಲೀಗ್ ಅದು. ಕೈಗೆ ಸಿಕ್ಕಷ್ಟು ಖರ್ಚು ಮಾಡಿ, ಸಿಕ್ಕಸಿಕ್ಕ ಊರಲ್ಲಿ ತಂಡ ಹುಟ್ಟಿಸಿ, 1984ರ ಸೀಸನ್ ಮುಗಿಯುವ ಹೊತ್ತಿಗೆ ಅದು ಪೂರ್ತಿ ಕುಸಿಯಿತು. ಆ ಮರ ಒಣಗುತ್ತಾ ಬಂದಂತೆ ಹಕ್ಕಿಗಳು ಹಾರಿ ಬಂದು ಕೂತದ್ದು ಇಂಡೋರ್ ಕೊಂಬೆಯ ಮೇಲೆ.

ಒಂದು ಹಕ್ಕಿಯ ಕತೆ ಹೇಳಲೇಬೇಕು. ಸ್ಟೀವ್ ಜುಂಗುಲ್. ಯುಗೊಸ್ಲಾವಿಯದ ಹಾಯ್ದುಕ್ ಸ್ಪ್ಲಿಟ್ ಕ್ಲಬ್ಬಿನ ಫಾರ್ವರ್ಡ್. 1978ರಲ್ಲಿ ಅಮೆರಿಕಕ್ಕೆ ಬಂದವರು ವಾಪಸ್ ಹೋಗಲಿಲ್ಲ. ಹಳೇ ಕ್ಲಬ್ಬಿನವರು ಬಿಡುಗಡೆ ಪತ್ರ ಕೊಡಲಿಲ್ಲ. ಆ ಪತ್ರ ಇಲ್ಲದೆ ಫಿಫಾದ ನೆರಳಿನಲ್ಲಿರುವ ಯಾವ ಲೀಗ್‌ನಲ್ಲೂ ಆಡುವ ಹಾಗಿಲ್ಲ. ಆದರೆ ಎಂಐಎಸ್‌ಎಲ್‌ಗೆ ಫಿಫಾ ಸಂಬಂಧವೇ ಇರಲಿಲ್ಲ! ಜುಂಗುಲ್ ಆ್ಯರೋಸ್ ಸೇರಿದರು. ಗೋಡೆಗೆ ಹೊಡೆದು ಬಂದ ಚೆಂಡನ್ನು ಗೋಲಿನೊಳಗೆ ತಳ್ಳುವುದರಲ್ಲಿ ಅವರಷ್ಟು ಚುರುಕು ಯಾರೂ ಇರಲಿಲ್ಲ. ಆ ಲೀಗ್‌ನಲ್ಲಿ ಒಟ್ಟು 652 ಗೋಲು ಹೊಡೆದರು. 'ಒಳಾಂಗಣದ ದೊರೆ' ಅಂತಲೇ ಅವರಿಗೆ ಹೆಸರು ಬಿತ್ತು. ಮೊದಲ ನಾಲ್ಕೂ ಸೀಸನ್ನು ಆ್ಯರೋಸ್ ತಂಡವೇ ಚಾಂಪಿಯನ್. ಕೊನೆಗೆ ಹೊರಾಂಗಣದಲ್ಲಿ ಆಡಲು ಅನುಮತಿ ಸಿಕ್ಕಾಗ ಅಲ್ಲೂ 1984ರಲ್ಲಿ ಲೀಗ್‌ನ ಶ್ರೇಷ್ಠ ಆಟಗಾರ ಅನ್ನಿಸಿಕೊಂಡರು. ಹೊರಗಿನ ಆಟ ಬಾರದವರು ಒಳಗೆ ಆಡುತ್ತಾರೆ ಎಂದು ಕೊಂಕು ತೆಗೆಯುತ್ತಿದ್ದವರ ಬಾಯಿ ಅಲ್ಲಿಗೆ ಮುಚ್ಚಿತು.

ಆದರೆ ನ್ಯೂಯಾರ್ಕ್ ಇಂಡೋರ್ ಸಾಕರ್‌ನ ಊರಾಗಲೇ ಇಲ್ಲ. ಅಲ್ಲಿ ರಾತ್ರಿ ಹೊತ್ತು ಮಾಡಲು ಬೇರೆ ನೂರು ಕೆಲಸ ಇರುತ್ತೆ. ಈ ಆಟ ಹಿಡಿದದ್ದು ನಡುಗಾತ್ರದ ಊರುಗಳನ್ನು. ಸೇಂಟ್ ಲೂಯಿಸ್, ಕಾನ್ಸಾಸ್ ಸಿಟಿ, ಕ್ಲೀವ್‌ಲ್ಯಾಂಡ್, ಬಾಲ್ಟಿಮೋರ್, ವಿಚಿಟಾ. ಚಳಿಗಾಲ ಉದ್ದ, ಅರೀನಾ ಖಾಲಿ, ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ತಂಡ ಇಲ್ಲ ಅಥವಾ ಇದ್ದರೂ ಸೋತು ಸುಣ್ಣ. ಟಿಕೆಟ್ ದರ ಕಡಿಮೆ, ಸಂಸಾರ ಸಮೇತ ಹೋಗಬಹುದು.

ಸೇಂಟ್ ಲೂಯಿಸ್‌ನದ್ದು ಇನ್ನೂ ಬೇರೆ. ಅಲ್ಲಿ ಕ್ಯಾಥೊಲಿಕ್ ಚರ್ಚುಗಳ ಹುಡುಗರ ಲೀಗ್‌ಗಳು ತಲೆಮಾರುಗಳಿಂದ ನಡೆಯುತ್ತಿದ್ದವು. 1950ರ ವಿಶ್ವಕಪ್‌ನಲ್ಲಿ ಇಂಗ್ಲೆಂಡನ್ನು 1-0ರಿಂದ ಸೋಲಿಸಿ ಜಗತ್ತನ್ನೇ ದಂಗುಬಡಿಸಿದ ಅಮೆರಿಕ ತಂಡದಲ್ಲಿ ಐದು ಜನ ಆ ಊರಿನವರು. ಸ್ಟೀಮರ್ಸ್ ತಂಡದಲ್ಲೂ ಊರ ಹುಡುಗರೇ ತುಂಬಿದ್ದರು. ಪಕ್ಕದ ಬೀದಿಯ ಹುಡುಗ, ಮಗಳ ಜೊತೆ ಓದಿದವನು, ಚರ್ಚಿನಲ್ಲಿ ಸಿಗುವವನು ಅಂಕಣದಲ್ಲಿ ಓಡುತ್ತಿದ್ದರೆ ಜನ ಬಾರದೆ ಇರುತ್ತಾರಾ?

ಕಾನ್ಸಾಸ್ ಸಿಟಿಯವರು ಹಿಡಿದದ್ದು ಬೇರೆ ದಾರಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆಯದ ತಂಡವೊಂದನ್ನು 1981ರಲ್ಲಿ ಅಲ್ಲಿಗೆ ತಂದು ಕಾಮೆಟ್ಸ್ ಎಂದು ಹೆಸರಿಟ್ಟರು. ಲೈವೀಕಿ ಎಂಬ ಮನೆತನದ ಅಣ್ಣತಮ್ಮಂದಿರು ಅದರ ಪ್ರಚಾರ ಹೊತ್ತರು. ದೀಪ ಆರಿಸಿ, ಹೊಗೆ ಎಬ್ಬಿಸಿ, ಲೇಸರ್ ಬೆಳಕು ಹಾಯಿಸಿ, ಎದೆ ನಡುಗುವ ಹಾಡು ಹಾಕಿ, ಒಬ್ಬೊಬ್ಬ ಆಟಗಾರನ ಹೆಸರು ಕೂಗಿ ಅಂಕಣಕ್ಕೆ ಇಳಿಸುತ್ತಿದ್ದರು. ಈಗ ಐಪಿಎಲ್‌ನಲ್ಲೂ ಕಬಡ್ಡಿಯಲ್ಲೂ ನಾವು ನೋಡುವ ಆ ಎಂಟ್ರಿ ಇದೆಯಲ್ಲ, ಅದೇ. ಆ ಕಾಲಕ್ಕೆ ಅಮೆರಿಕದ ದೊಡ್ಡ ಆಟಗಳೂ ಇಷ್ಟು ಅಬ್ಬರ ಮಾಡುತ್ತಿರಲಿಲ್ಲ. ಆ ಸೋದರರಲ್ಲಿ ಒಬ್ಬರಾದ ಟಿಮ್ ಲೈವೀಕಿ ಮುಂದೆ ಅರೀನಾಗಳನ್ನೂ ತಂಡಗಳನ್ನೂ ನಡೆಸುವ ಎಇಜಿ ಎಂಬ ದೈತ್ಯ ಕಂಪನಿಯ ಮುಖ್ಯಸ್ಥರಾದರು. ಕಲಿತದ್ದು ಎಲ್ಲಿ ಅಂತ ಹೇಳಬೇಕಿಲ್ಲ.

ಇಷ್ಟೆಲ್ಲ ಇದ್ದೂ ಮುಳುಗಿದ್ದು ಯಾಕೆ? ಈಗ ಲೆಕ್ಕದ ಪುಸ್ತಕ ತೆಗೆಯೋಣ.

ಸುಮ್ನೆ ಅರ್ಥವಾಗಲಿ ಅಂತ ಒಂದು ಲೆಕ್ಕ. ಅಂಕಿಗಳು ನಾನೇ ಕಲ್ಪಿಸಿಕೊಂಡವು, ಯಾವ ತಂಡದ್ದೂ ಅಲ್ಲ. ಪಂದ್ಯಕ್ಕೆ 10,000 ಜನ, ಸರಾಸರಿ ಟಿಕೆಟ್ 6 ಡಾಲರ್. ಒಂದು ರಾತ್ರಿಗೆ 60,000 ಡಾಲರ್. ಸೀಸನ್‌ಗೆ 28 ಸಲ ನಮ್ಮ ಊರಲ್ಲಿ ಆಟ. ಒಟ್ಟು 16 ಲಕ್ಷ 80 ಸಾವಿರ. ಕೇಳಲು ದೊಡ್ಡ ಮೊತ್ತ, ಅಲ್ವಾ? ಈಗ ಕಳೆಯುತ್ತಾ ಹೋಗಿ. ಅರೀನಾ ಬಾಡಿಗೆ. ಪ್ರತಿ ಸಲ ಮಂಜಿನ ಮೇಲೆ ಚಾಪೆ ಹಾಸುವ, ಮತ್ತೆ ಸುತ್ತಿ ಇಡುವ ಕೂಲಿ. ಕಾವಲು, ಟಿಕೆಟ್, ವಿಮೆ. ಬಾಲ್ಟಿಮೋರ್‌ನಿಂದ ಟಕೋಮಾಕ್ಕೆ, ಅಂದರೆ ಒಂದು ಸಮುದ್ರದ ಕಡೆಯಿಂದ ಇನ್ನೊಂದು ಸಮುದ್ರದ ಕಡೆಗೆ, ಇಡೀ ತಂಡದ ವಿಮಾನದ ಟಿಕೆಟ್, ಹೋಟೆಲು, ಊಟ. ಹೊಗೆ ಮತ್ತು ಲೇಸರಿನ ಖರ್ಚು ಬೇರೆ. ಕೊನೆಗೆ ಇಪ್ಪತ್ತು ಆಟಗಾರರ ಮತ್ತು ಕೋಚ್‌ಗಳ ಸಂಬಳ. ಪಾರ್ಕಿಂಗ್, ಬಿಯರು, ಹಾಟ್‌ಡಾಗ್ ಮಾರಿದ ಹಣ? ಅದು ಸಾಮಾನ್ಯವಾಗಿ ಕಟ್ಟಡ ನಡೆಸುವವರ ಜೇಬಿಗೆ. ತಂಡ ಅಲ್ಲಿ ಬಾಡಿಗೆದಾರ ಅಷ್ಟೇ. ಮದುವೆ ನಮ್ಮದು, ಛತ್ರದ ಲಾಭ ಛತ್ರದವನದು.

ಈ ಗುಂಡಿ ತುಂಬಬಹುದಾಗಿದ್ದ ಒಂದೇ ದುಡ್ಡು ಟಿವಿಯದು. ಇಎಸ್‌ಪಿಎನ್‌ನಲ್ಲಿ ಪಂದ್ಯಗಳು ಬಂದವು, ಸಿಬಿಎಸ್‌ನಲ್ಲೂ ತಲೆ ಹಾಕಿತು. ಆದರೆ ತಂಡಗಳನ್ನು ಸಾಕುವಂಥ ದೊಡ್ಡ ಒಪ್ಪಂದ ಬರಲಿಲ್ಲ. ನನ್ನ ಅನಿಸಿಕೆ ಹೇಳುತ್ತೇನೆ. ಈ ಆಟ ಕಣ್ಣೆದುರು ಎಷ್ಟು ಚೆಂದವೋ ಆ ಕಾಲದ ಟಿವಿಯಲ್ಲಿ ಅಷ್ಟೇ ಗೊಂದಲ. ಗೋಡೆಗೆ ಬಡಿದ ಚೆಂಡು ಯಾವ ಕಡೆ ಹಾರಿತು ಅಂತ ಕ್ಯಾಮೆರಾ ತಿರುಗುವಷ್ಟರಲ್ಲಿ ಗೋಲು ಆಗಿರುತ್ತಿತ್ತು.

ಹಾಗಾಗಿ ವರ್ಷದ ಕೊನೆಯಲ್ಲಿ ಉಳಿದ ನಷ್ಟವನ್ನು ಮಾಲೀಕ ಕೈಯಿಂದ ತುಂಬಬೇಕು. ಕಟ್ಟಡ ಕಟ್ಟಿಸಿ ಶ್ರೀಮಂತರಾದವರು, ವ್ಯಾಪಾರಿಗಳು, ಊರ ಅಭಿಮಾನ ಇದ್ದವರು ಈ ತಂಡಗಳ ಮಾಲೀಕರು. ಎರಡು ವರ್ಷ ತುಂಬುತ್ತಾರೆ, ಐದು ವರ್ಷ ತುಂಬುತ್ತಾರೆ. ಒಂದು ದಿನ ಮನೆಯಲ್ಲಿ ಬೈಗುಳ ತಿಂದು, ಸಾಕಪ್ಪ ಅನ್ನುತ್ತಾರೆ. ತಂಡದ ಆಯಸ್ಸು ಅಂದರೆ ಮಾಲೀಕರ ತಾಳ್ಮೆಯ ಆಯಸ್ಸು. ಕರಾವಳಿಯವರಿಗೆ ಇದು ಬೇಗ ಅರ್ಥವಾಗುತ್ತೆ. ಟಿಕೆಟ್ ಕಲೆಕ್ಷನ್ ನಂಬಿದ ಯಕ್ಷಗಾನದ ಟೆಂಟ್ ಮೇಳಗಳು ಒಂದೊಂದಾಗಿ ಕಡಿಮೆಯಾದವು. ಆಡಿಸುವವರೇ ಮುಂಗಡ ಕಟ್ಟುವ ಹರಕೆ ಮೇಳಗಳಿಗೆ ಇವತ್ತಿಗೂ ವರ್ಷಗಟ್ಟಲೆ ಮುಂಚೆ ಬುಕಿಂಗ್. ಎರಡರಲ್ಲೂ ಅದೇ ಚೆಂಡೆ, ಅದೇ ಭಾಗವತಿಕೆ. ದುಡ್ಡು ಯಾವಾಗ ಬರುತ್ತೆ ಅನ್ನುವುದಷ್ಟೇ ಬೇರೆ.

ನಷ್ಟ ಕಂಡಾಗ ಲೀಗ್ ಮಾಡಿದ್ದು ಏನು? ಪಂದ್ಯ ಹೆಚ್ಚಿಸಿತು. ಜಾಸ್ತಿ ರಾತ್ರಿ ಆಡಿದರೆ ಜಾಸ್ತಿ ಟಿಕೆಟ್, ಸರಿಯಾದ ಲೆಕ್ಕ ಅನ್ನಿಸುತ್ತೆ. ತಂಡಕ್ಕೆ 24 ಪಂದ್ಯದಿಂದ ಶುರುವಾದದ್ದು 1986-87ಕ್ಕೆ 52 ಆಯಿತು, ಮರುವರ್ಷ 56. ನವೆಂಬರಿನಲ್ಲಿ ಶುರುವಾದ ಸೀಸನ್ನು ಜೂನಿಗೆ ಮುಗಿಯುತ್ತಿತ್ತು. ಅಪರೂಪಕ್ಕೆ ಸಿಗುತ್ತಿದ್ದ ಹಬ್ಬ ವಾರಕ್ಕೆ ಎರಡು ಸಲ ಬಂದರೆ ಹಬ್ಬ ಅನ್ನಿಸುತ್ತಾ? ಬೇಸಿಗೆಯ ಒಳ್ಳೆ ಬಿಸಿಲು ಬಿಟ್ಟು ಚಾವಣಿಯ ಕೆಳಗೆ ಯಾರು ಕೂರುತ್ತಾರೆ?

ಇನ್ನೊಂದು ಪೆಟ್ಟು ಪೈಪೋಟಿಯಿಂದ. ಹೊರಾಂಗಣ ಲೀಗ್‌ನವರು ತಾವು ಸಾಯುವ ಮುಂಚೆ ಚಳಿಗಾಲಕ್ಕೆ ತಮ್ಮದೇ ಇಂಡೋರ್ ಸೀಸನ್ ನಡೆಸಿದರು. ಇಬ್ಬರೂ ಒಂದೇ ಆಟಗಾರರ ಹಿಂದೆ ಬಿದ್ದಾಗ ಸಂಬಳ ಏರದೆ ಇರುತ್ತಾ? ಹೊರಾಂಗಣ ಲೀಗ್ ಮುಳುಗುತ್ತಿದ್ದಾಗ ಅದರ ಕೆಲವು ತಂಡಗಳು ಎಂಐಎಸ್‌ಎಲ್‌ಗೆ ಸೇರಿದವು. ಪೆಲೆಯ ಕಾಸ್ಮೋಸ್ ಕೂಡ 1984-85ರಲ್ಲಿ ಬಂದು, ಸೀಸನ್ ಮುಗಿಸಲೂ ಆಗದೆ ನಡುವೆಯೇ ಗಂಟುಮೂಟೆ ಕಟ್ಟಿತು. ನಾಲ್ಕು ಸಲ ಚಾಂಪಿಯನ್ ಆದ ಆ್ಯರೋಸ್ ಅಷ್ಟು ಹೊತ್ತಿಗೆ, 1984ರಲ್ಲಿ, ಮುಚ್ಚಿಯಾಗಿತ್ತು. 1986ರಲ್ಲಿ ನ್ಯೂಯಾರ್ಕ್‌ನಲ್ಲೇ ಎಕ್ಸ್‌ಪ್ರೆಸ್ ಎಂಬ ಹೊಸ ತಂಡ ಹುಟ್ಟಿತು. ಷೇರು ಮಾರಿ ದುಡ್ಡು ಎತ್ತಿದ್ದರು. 26 ಪಂದ್ಯ ಆಡಿ ಮೂರು ಗೆದ್ದು, ಸೀಸನ್ ನಡುವೆಯೇ ನಿಂತಿತು.

ಹಾಗಂತ ಆ ವರ್ಷಗಳು ಸೂತಕದ ಹಾಗಿದ್ದವು ಅಂದುಕೊಳ್ಳಬೇಡಿ. ಆಟ ಆಗಲೇ ಅತಿ ಚೆನ್ನಾಗಿದ್ದದ್ದು. ಸ್ಯಾನ್ ಡಿಯೇಗೊ ಸಾಕರ್ಸ್ ತಂಡ 1982ರಿಂದ 1992ರವರೆಗೆ ಎರಡೂ ಲೀಗ್ ಸೇರಿ 11 ಇಂಡೋರ್ ಸೀಸನ್‌ನಲ್ಲಿ 10 ಸಲ ಗೆದ್ದಿತು. ರಾನ್ ನ್ಯೂಮನ್ ಕೋಚ್. 1974ರ ವಿಶ್ವಕಪ್‌ನಲ್ಲಿ ಪೋಲೆಂಡಿನ ನಾಯಕನಾಗಿದ್ದ ಕಾಜಿಮೆಷ್ ದೇಯ್ನಾ ಅಂಥವರೂ ಆ ತಂಡದಲ್ಲಿ ಆಡಿದರು. ಅವರ ಕೈ ತಪ್ಪಿದ ಒಂದೇ ವರ್ಷ 1987. ಏಳು ಪಂದ್ಯಗಳ ಸರಣಿಯಾಗಿದ್ದ ಆ ವರ್ಷದ ಫೈನಲ್ ಏಳನೇ ಪಂದ್ಯಕ್ಕೆ ಹೋಯಿತು. ಟಕೋಮಾ ಡೋಮ್‌ನಲ್ಲಿ 21,728 ಜನ. ಹೆಚ್ಚುವರಿ ಸಮಯದಲ್ಲಿ ಡಲ್ಲಾಸ್ ಸೈಡ್‌ಕಿಕ್ಸ್ 4-3ರಿಂದ ಟಕೋಮಾ ಸ್ಟಾರ್ಸ್ ತಂಡವನ್ನು ಅದರ ಮನೆಯಲ್ಲೇ ಸೋಲಿಸಿತು. ಡಲ್ಲಾಸ್‌ನ ನಾಯಕಮಣಿ ಟಾಟು ಎಂಬ ಬ್ರೆಜಿಲ್‌ನ ಪುಟ್ಟ ಆಟಗಾರ. ಗೋಲು ಹೊಡೆದ ಪ್ರತಿ ಸಲ ಅಂಗಿ ಬಿಚ್ಚಿ ಜನರ ನಡುವೆ ಎಸೆಯುವುದು ಅವರ ಪದ್ಧತಿ. ಅಂಗಿಯ ಖರ್ಚೂ ಮಾಲೀಕರ ಲೆಕ್ಕಕ್ಕೇ ಅನ್ನಿ!

ಮರುವರ್ಷವೇ ಬಿರುಕು ಬಿಟ್ಟಿತು. 1988ರ ವಸಂತದಲ್ಲಿ ಸ್ಟೀಮರ್ಸ್ ಮುಚ್ಚಿತು. ಬೇಸಿಗೆಯಲ್ಲಿ ಕ್ಲೀವ್‌ಲ್ಯಾಂಡ್ ಫೋರ್ಸ್, ಚಿಕಾಗೊ ಸ್ಟಿಂಗ್, ಮಿನ್ನೆಸೋಟ ಸ್ಟ್ರೈಕರ್ಸ್ ಕೂಡ. ಕ್ಲೀವ್‌ಲ್ಯಾಂಡ್ ಅಂತೂ ಲೀಗ್‌ನ ಆಧಾರಸ್ತಂಭಗಳಲ್ಲಿ ಒಂದಾಗಿತ್ತು. ಸಂಬಳ ಕಡಿತಕ್ಕೆ ಆಟಗಾರರ ಸಂಘ ಒಪ್ಪಿದ ಮೇಲೆ ಉಳಿದವರು ಹೇಗೋ ಮುಂದುವರಿದರು. ಅದೇ ಬೇಸಿಗೆಯಲ್ಲಿ, ಜುಲೈ 4ರಂದು, ಫಿಫಾ 1994ರ ವಿಶ್ವಕಪ್ಪನ್ನು ಅಮೆರಿಕಕ್ಕೆ ಕೊಟ್ಟಿತು. ಬದಲಿಗೆ ಹೊರಾಂಗಣದಲ್ಲಿ ಒಂದು ಸರಿಯಾದ ವೃತ್ತಿಪರ ಲೀಗ್ ಕಟ್ಟುತ್ತೇವೆ ಅಂತ ಅಮೆರಿಕ ಮಾತು ಕೊಡಬೇಕಾಯಿತು. ಆಮೇಲೆ ಸಾಕರ್ ಮೇಲೆ ದುಡ್ಡು ಹಾಕಬೇಕು ಅಂದುಕೊಂಡ ಶ್ರೀಮಂತರ ಕಣ್ಣು ಎಲ್ಲಿ ನೆಟ್ಟಿರುತ್ತೆ ಅಂತ ನೀವೇ ಯೋಚಿಸಿ.

1990ರಲ್ಲಿ ಲೀಗ್ ತನ್ನ ಹೆಸರಿನಿಂದ 'ಇಂಡೋರ್' ಪದವನ್ನೇ ತೆಗೆದು ಮೇಜರ್ ಸಾಕರ್ ಲೀಗ್ ಆಯಿತು. ನಾಚಿಕೆ ಪಟ್ಟುಕೊಂಡ ಹಾಗೆ. ಕೊನೆಯ ಸೀಸನ್‌ನಲ್ಲಿ ಏಳು ತಂಡ. ಅದರಲ್ಲಿ ಸೇಂಟ್ ಲೂಯಿಸ್ ಮತ್ತು ಟಕೋಮಾ ಹಿಂದೆ ಸರಿದವು. 1992ರ ಜುಲೈನಲ್ಲಿ ಅಂಗಡಿ ಮುಚ್ಚಿತು.

ಅಲ್ಲಿಂದ ಮುಂದಿನದು ಬರೀ ಹೆಸರುಗಳ ಜಾತ್ರೆ, ಬೇಗ ಮುಗಿಸುತ್ತೇನೆ. 1984ರಿಂದಲೇ ಒಂದು ಸಣ್ಣ, ಕಡಿಮೆ ಸಂಬಳದ ಲೀಗ್ ಪಕ್ಕದಲ್ಲಿ ನಡೆಯುತ್ತಿತ್ತು. ಅದು 1990ರಲ್ಲಿ ಎನ್‌ಪಿಎಸ್‌ಎಲ್ ಆಗಿ 2001ರವರೆಗೆ ಬಾಳಿತು. ದೂರದಿಂದ ಹೊಡೆದ ಗೋಲಿಗೆ ಮೂರು ಅಂಕ, ಹತ್ತಿರದ್ದಕ್ಕೆ ಎರಡು, ಕೆಲವಕ್ಕೆ ಒಂದು ಎಂಬ ಲೆಕ್ಕ ಅವರದು. ಸ್ಕೋರು 20 ದಾಟುತ್ತಿತ್ತು. ಬ್ಯಾಸ್ಕೆಟ್‌ಬಾಲ್ ನೋಡುವವರನ್ನು ಸೆಳೆಯಲು ಹೋಗಿ ಫುಟ್‌ಬಾಲ್ ಗೊತ್ತಿದ್ದವರಿಗೂ ತಲೆ ಕೆಡಿಸಿದರು ಅಂತ ನನ್ನ ದೂರು. ಇನ್ನೊಂದು ಕಡೆ 1993ರಲ್ಲಿ ಕಾಂಟಿನೆಂಟಲ್ ಇಂಡೋರ್ ಸಾಕರ್ ಲೀಗ್ ಬಂತು. ಅದರ ಹಿಂದೆ ಅರೀನಾ ಮಾಲೀಕರೇ ಇದ್ದರು, ಬೇಸಿಗೆಯಲ್ಲಿ ಖಾಲಿ ಬೀಳುವ ಕಟ್ಟಡ ತುಂಬಿಸುವುದು ಉದ್ದೇಶ. ಛತ್ರದವನೇ ಮದುವೆ ಮಾಡಿಸಿದ ಹಾಗೆ. ಬುದ್ಧಿವಂತಿಕೆಯ ಯೋಚನೆಯೇ, ಆದರೂ 1997ಕ್ಕೆ ಮುಗಿಯಿತು. 1996ರಲ್ಲಿ ಹೊರಾಂಗಣದ ಎಂಎಲ್‌ಎಸ್, ಅಂದರೆ ಮೇಜರ್ ಲೀಗ್ ಸಾಕರ್, ಶುರುವಾಗಿತ್ತು. ಆಮೇಲೆ ಎಂಐಎಸ್‌ಎಲ್ ಎಂಬ ಹಳೇ ಹೆಸರನ್ನೇ ಎರಡು ಸಲ ಎಬ್ಬಿಸಿ ನಿಲ್ಲಿಸಿದರು. 2014ರಿಂದ ನಿಮ್ಮ ಮಗ ನೋಡಿದ ಮೇಜರ್ ಅರೀನಾ ಸಾಕರ್ ಲೀಗ್.

ಸೇಂಟ್ ಲೂಯಿಸ್ ಒಂದೇ ಊರನ್ನು ನೋಡಿದರೂ ಇಡೀ ಚರಿತ್ರೆ ಸಿಗುತ್ತೆ. ಸ್ಟೀಮರ್ಸ್ ಹೋಯಿತು, 1989ರಲ್ಲಿ ಸ್ಟಾರ್ಮ್ ಬಂತು. ಅದು ಹೋಯಿತು, 1992ರಲ್ಲಿ ಆಂಬುಶ್ ಬಂತು. ಅದು 2000ದಲ್ಲಿ ಮುಚ್ಚಿತು, ಸ್ಟೀಮರ್ಸ್ ಹೆಸರು ಮತ್ತೆ ಬಂತು. ಅದೂ 2006ಕ್ಕೆ ಮುಗಿದು, 2013ರಲ್ಲಿ ಪಕ್ಕದ ಸೇಂಟ್ ಚಾರ್ಲ್ಸ್‌ನಲ್ಲಿ ಆಂಬುಶ್ ಹೆಸರು ಮತ್ತೆ ಎದ್ದಿತು. ಮನೆಯಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡುತ್ತಾರಲ್ಲ, ಹಾಗೆ. 17,000 ಜನ ತುಂಬುತ್ತಿದ್ದ ಆ ಹಳೇ ಅರೀನಾವನ್ನು 1999ರಲ್ಲಿ ಸಿಡಿಮದ್ದು ಇಟ್ಟು ಕೆಡವಿದರು. ಇಷ್ಟು ಫುಟ್‌ಬಾಲ್ ಹುಚ್ಚಿರುವ ಊರಿಗೆ ಎಂಎಲ್‌ಎಸ್ ತಂಡ ಸಿಕ್ಕಿದ್ದು 2023ರಲ್ಲಿ.

ಇದೆಲ್ಲ ವ್ಯರ್ಥವಾಯಿತಾ ಅಂದರೆ, ಇಲ್ಲ. ಪ್ರೆಕಿ ಎಂಬ ಯುಗೊಸ್ಲಾವಿಯದ ಆಟಗಾರನನ್ನು ನೋಡಿ. ಟಕೋಮಾ, ಸೇಂಟ್ ಲೂಯಿಸ್‌ಗಳ ಇಂಡೋರ್ ತಂಡಗಳಲ್ಲಿ ವರ್ಷಗಟ್ಟಲೆ ಆಡಿ, ಇಂಗ್ಲೆಂಡಿನ ಎವರ್ಟನ್‌ಗೆ ಹೋಗಿ, ವಾಪಸ್ ಬಂದು ಎಂಎಲ್‌ಎಸ್ ಸೇರಿದರು. 1997ರಲ್ಲಿ ಅಲ್ಲಿನ ಶ್ರೇಷ್ಠ ಆಟಗಾರ. 2003ರಲ್ಲಿ, 40ನೇ ವಯಸ್ಸಿನಲ್ಲಿ, ಮತ್ತೊಮ್ಮೆ. 1998ರಲ್ಲಿ ಅಮೆರಿಕ ಬ್ರೆಜಿಲನ್ನು 1-0ರಿಂದ ಸೋಲಿಸಿತಲ್ಲ, ಆ ಒಂದು ಗೋಲು ಅವರದೇ. ಅಂಗೈಯಗಲ ಜಾಗದಲ್ಲಿ ಎದುರಾಳಿಯನ್ನು ತಪ್ಪಿಸಿ ಎಡಗಾಲಿನಿಂದ ಹೊಡೆಯುವ ಅಭ್ಯಾಸ ಗೋಡೆಗಳ ನಡುವೆ ಆದದ್ದು.

ಈಗ ನಿಮ್ಮ ವೇವ್ ತಂಡದ ಮಾತು. 1984ರಲ್ಲಿ ಹುಟ್ಟಿದ್ದು. ಅಮೆರಿಕದಲ್ಲಿ ಅಷ್ಟು ವರ್ಷ ಸತತವಾಗಿ ನಡೆದ ವೃತ್ತಿಪರ ಫುಟ್‌ಬಾಲ್ ತಂಡ ಇನ್ನೊಂದಿಲ್ಲ. ಹೊರಾಂಗಣ ಸೇರಿಸಿ ಹೇಳುತ್ತಿದ್ದೇನೆ! ಆರು ಲೀಗ್‌ಗಳ ಹೆಸರು ದಾಟಿ ಬಂದಿದೆ, ಏಳು ಸಲ ಚಾಂಪಿಯನ್ ಆಗಿದೆ. ಬದುಕಿದ್ದು ಹೇಗೆ? ಮೊದಲಿನಿಂದಲೂ ಅದು ಸಣ್ಣ ಲೀಗ್‌ನ ತಂಡ. ಎಂಐಎಸ್‌ಎಲ್‌ನ ಸಂಬಳದ ಹುಚ್ಚಿಗೆ ಸಿಕ್ಕಲಿಲ್ಲ. ಕೀತ್ ಟೋಜರ್ ಎಂಬ ಒಬ್ಬರೇ ಕೋಚ್ ಎರಡು ದಶಕ ನಡೆಸಿದರು. ದೊಡ್ಡ ಬ್ರ್ಯಾಡ್ಲಿ ಸೆಂಟರ್ ಬಿಟ್ಟು 1950ರಲ್ಲಿ ಕಟ್ಟಿದ ಹಳೇ, ಸಣ್ಣ ಅರೀನಾಕ್ಕೆ ಬಂದರು. ನೀವು ಕೂತದ್ದು ಅಲ್ಲೇ. ಬಾಲ್ಟಿಮೋರ್ ಬ್ಲಾಸ್ಟ್ ಎಂಬ ತಂಡ ಮಾಡಿದ್ದೂ ಅದನ್ನೇ. ಎಡ್ ಹೇಲ್ ಎಂಬ ಬ್ಯಾಂಕರ್ ಮಾಲೀಕರು ವರ್ಷಗಟ್ಟಲೆ ಕೈ ಬಿಡಲಿಲ್ಲ. 2017ರಲ್ಲಿ ಊರ ನಡುವಿನ ದೊಡ್ಡ ಅರೀನಾ ಬಿಟ್ಟು ಪಕ್ಕದ ಟೌಸನ್ ವಿಶ್ವವಿದ್ಯಾಲಯದ ಸಣ್ಣ ಅರೀನಾಕ್ಕೆ ತಂಡವನ್ನು ಒಯ್ದರು. 4,000 ಜನ ಬಂದರೆ ಅರ್ಧ ಖಾಲಿ ಕಾಣುವ ಕಡೆಗಿಂತ ತುಂಬಿದ ಹಾಗೆ ಕಾಣುವ ಕಡೆ ಆಡುವುದು ಒಳ್ಳೆಯದಲ್ವಾ? ಬಾಡಿಗೆಯೂ ಕಡಿಮೆ.

ಬೆಂಗಳೂರಿನ ಪ್ರಶ್ನೆ ಉಳಿಯಿತು. ಇಂಥದ್ದು ಒಂದು ಸಲ ಆಗಿ ಹೋಗಿದೆ. 2016ರಲ್ಲಿ ಪ್ರೀಮಿಯರ್ ಫುಟ್ಸಾಲ್ ಅಂತ ಒಂದು ಲೀಗ್ ಬಂತು. ಲೂಯಿಸ್ ಫಿಗೊ ಅಧ್ಯಕ್ಷರು. ಬೆಂಗಳೂರು ತಂಡಕ್ಕೆ ಪಾಲ್ ಸ್ಕೋಲ್ಸ್, ಗೋವಾಕ್ಕೆ ರೊನಾಲ್ಡಿನ್ಯೊ. ರೊನಾಲ್ಡಿನ್ಯೊ ಎರಡು ಪಂದ್ಯ ಆಡಿ ಹೊರಟರು. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ಅದಕ್ಕೆ ಮಾನ್ಯತೆ ಕೊಡಲಿಲ್ಲ. ಎರಡೇ ಸೀಸನ್ನು. ನಿವೃತ್ತರಾದ ದೊಡ್ಡ ಹೆಸರುಗಳಿಗೆ ದುಡ್ಡು ಸುರಿಯುವುದು 1984ರ ಅಮೆರಿಕದಲ್ಲೂ ನಡೆಯಲಿಲ್ಲ, ಇಲ್ಲೂ ನಡೆಯಲಿಲ್ಲ.

ಅದರ ಪಕ್ಕದಲ್ಲೇ ಕಬಡ್ಡಿ ಇಟ್ಟು ನೋಡಿ. 2014ರಲ್ಲಿ ಶುರುವಾದ ಪ್ರೊ ಕಬಡ್ಡಿಯೂ ಚಾವಣಿಯ ಕೆಳಗಿನ ಆಟವೇ. ಬೆಂಗಳೂರು ಬುಲ್ಸ್ ಪಂದ್ಯಕ್ಕೂ ದೀಪ ಆರಿಸಿ, ಹಾಡು ಹಾಕಿ ಆಟಗಾರರನ್ನು ಕರೆಯುತ್ತಾರೆ. ಆದರೆ ಆ ಲೀಗ್ ನಡೆಸುವ ಕಂಪನಿಯಲ್ಲಿ ಸ್ಟಾರ್ ಟಿವಿಯವರದೇ ದೊಡ್ಡ ಪಾಲು. ಅಂದರೆ ಮುಂಗಡ ಕಟ್ಟಿದವರೇ ಆಟ ಆಡಿಸುತ್ತಿದ್ದಾರೆ. ಹರಕೆ ಮೇಳ. ಎಂಐಎಸ್‌ಎಲ್‌ಗೆ ಜನ ಮೊದಲು ಬಂದರು, ಟಿವಿಯ ದುಡ್ಡು ಕೊನೆಗೂ ಬರಲಿಲ್ಲ. ಇಲ್ಲಿ ಟಿವಿ ಮೊದಲು ಬಂತು, ಜನ ಆಮೇಲೆ ಬಂದರು.

ಹಾಗಾದರೆ ಬೆಂಗಳೂರಲ್ಲಿ ಟರ್ಫ್ ಆಟಕ್ಕೆ ಒಂದು ಲೀಗ್ ಮಾಡಬೇಕು ಅಂತ ಯಾರಾದರೂ ದುಡ್ಡು ಹಿಡಿದು ಬಂದರೆ ನಾನು ಹೇಳುವುದು ಇಷ್ಟು. ಕಂಠೀರವ ಒಳಾಂಗಣ ಕ್ರೀಡಾಂಗಣದ ಬಾಡಿಗೆ ಕೇಳುವುದಕ್ಕೆ ಮುಂಚೆ ಆಸ್ಟಿನ್ ಟೌನ್‌ಗೂ ಗೌತಮಪುರಕ್ಕೂ ಹೋಗಿ ಬನ್ನಿ. ಗೌತಮಪುರದ ಬೀದಿಯಲ್ಲಿ ಪೆಲೆಯ ಪ್ರತಿಮೆಯೇ ಇದೆ. ಅಲ್ಲಿನ ಹುಡುಗರು ತಲೆಮಾರುಗಳಿಂದ ಇಕ್ಕಟ್ಟಾದ ಜಾಗದಲ್ಲೇ ಆಡಿಕೊಂಡು ಬಂದವರು. ಇನ್ನೂರು ಜನ ನಿಂತು ನೋಡುವ ಜಾಗ, ವಾರಕ್ಕೆ ಒಂದೇ ಸಂಜೆ, ಎರಡೇ ತಿಂಗಳ ಸೀಸನ್. ವಿಮಾನದ ಖರ್ಚು ಬೇಡ, ಎಲ್ಲ ತಂಡವೂ ಊರೊಳಗಿನದೇ. ಅಷ್ಟಕ್ಕಾದರೆ ನಡೆಯುತ್ತೆ ಅಂತ ನನಗೆ ನಂಬಿಕೆ ಇದೆ. ಲೇಸರ್ ಬಾಡಿಗೆಗೆ ಕೊಡುವವರ ನಂಬರು ಯಾರಾದರೂ ಕೊಟ್ಟರೆ ಸದ್ಯಕ್ಕೆ ಇಟ್ಟುಕೊಂಡಿರಿ, ಫೋನು ಮಾಡಬೇಡಿ.